ಹದಿನಾಲ್ಕರ ಹುಡುಗಿಗೆ ಯಾವ ಕಾದಂಬರಿ ಕೊಡಲಿ?

ಯಾವುದಾದರೂ ದೊಡ್ಡ ಪುಸ್ತಕದಂಗಡಿಯ ಕನ್ನಡ ವಿಭಾಗಕ್ಕೆ ಹೋಗಿ ನೋಡಿ. ಒಂದು ಮೂಲೆಯಲ್ಲಿ ಪಂಚತಂತ್ರ, ತೆನಾಲಿ ರಾಮಕೃಷ್ಣ, ಬಣ್ಣದ ಚಿತ್ರಗಳ ಅಕ್ಬರ್–ಬೀರಬಲ್ ಕಥೆಗಳು. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಕಾರಂತ, ಕುವೆಂಪು, ತ.ರಾ.ಸು., ಭೈರಪ್ಪ. ನಡುವೆ ಏನೂ ಇಲ್ಲ. ಹದಿಮೂರರಿಂದ ಹದಿನೇಳರವರೆಗಿನ ಮಕ್ಕಳು ಎಲ್ಲಿ ನಿಲ್ಲಬೇಕು ಎಂದು ಅಂಗಡಿಯವರೂ ಯೋಚಿಸಿಲ್ಲ, ಪ್ರಕಾಶಕರೂ ಅಷ್ಟಾಗಿ ಯೋಚಿಸಿಲ್ಲ. ಹಾಗಾಗಿ ಆ ಮಕ್ಕಳು ಸೀದಾ ಇಂಗ್ಲಿಷ್ ವಿಭಾಗಕ್ಕೆ ಹೋಗುತ್ತಾರೆ. ಅಲ್ಲಿ ಅವರಿಗೆಂದೇ ಒಂದು ಗೋಡೆಯಿದೆ.

ಅಪ್ಪ ಅಮ್ಮಂದಿರು ಆಮೇಲೆ ಕೇಳುವ ಪ್ರಶ್ನೆ ಒಂದೇ: ‘ನಮ್ಮ ಮಗಳು ಓದುತ್ತಾಳೆ, ಆದರೆ ಕನ್ನಡ ಮುಟ್ಟುವುದಿಲ್ಲ. ಏನು ಕೊಡಲಿ?’ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ದೊಡ್ಡ ಹೆಸರುಗಳ ಪಟ್ಟಿ. ಎಂಟನೇ ತರಗತಿಯ ಹುಟ್ಟುಹಬ್ಬಕ್ಕೆ ‘ಮೂಕಜ್ಜಿಯ ಕನಸುಗಳು’ ಉಡುಗೊರೆಯಾಗಿ ಬರುತ್ತದೆ, ಹತ್ತನೇ ತರಗತಿ ಪಾಸಾದವನಿಗೆ ‘ಪರ್ವ’. ಎರಡೂ ದೊಡ್ಡ ಕೃತಿಗಳೇ. ಎರಡೂ ಮೂವತ್ತು ಪುಟ ದಾಟದೆ ಷೋಕೇಸು ಸೇರುತ್ತವೆ. ಕನ್ನಡ ಕಾದಂಬರಿ ಎಂದರೆ ಹೀಗೇ, ನಮಗಲ್ಲ ಎಂದು ಆ ಮಗು ತೀರ್ಮಾನಿಸಿಯೂ ಬಿಡುತ್ತದೆ.

ಹದಿಹರೆಯದವರು ಮನಸಾರೆ ಓದಬಹುದಾದ ಕಾದಂಬರಿಗಳು ಕನ್ನಡದಲ್ಲಿ ಧಾರಾಳವಾಗಿ ಇವೆ. ಅವು ದೊಡ್ಡವರ ಕಪಾಟಿನಲ್ಲಿ ಸೇರಿಹೋಗಿವೆ, ಅಷ್ಟೆ. ಅವನ್ನು ಆರಿಸಿ ತೆಗೆಯುವಾಗ ಲೇಖಕರ ಹೆಸರು, ಪ್ರಶಸ್ತಿ, ‘ಇದರಿಂದ ಏನು ಕಲಿಯುತ್ತಾರೆ’ ಎಂಬ ಲೆಕ್ಕ ಎಲ್ಲವನ್ನೂ ಬದಿಗಿಟ್ಟು ಮೂರು ಸಂಗತಿ ನೋಡಿದರೆ ಸಾಕು. ಮೊದಲ ಇಪ್ಪತ್ತು ಪುಟಗಳಲ್ಲಿ ಏನಾದರೂ ನಡೆಯುತ್ತದೆಯೇ? ಹಿಂದೆಯೇ ಹೋಗಬೇಕು ಎನ್ನಿಸುವ ಒಬ್ಬ ವ್ಯಕ್ತಿ ಅದರಲ್ಲಿ ಇದ್ದಾನೆಯೇ, ಇದ್ದಾಳೆಯೇ? ಪುಸ್ತಕ ಒಂದು ವಾರದಲ್ಲಿ ಮುಗಿಯುವ ಗಾತ್ರದ್ದೇ? ಈ ಪರೀಕ್ಷೆಯಲ್ಲಿ ಕೆಲವು ಮಹಾಕೃತಿಗಳು ಫೇಲಾಗುತ್ತವೆ. ಆಗಲಿ ಬಿಡಿ, ಅವು ಕಾಯುತ್ತವೆ.

ಮೊದಲ ಪುಸ್ತಕದ ಬಗ್ಗೆ ನನಗೆ ಅನುಮಾನವೇ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ, ಇಂದಿಗೂ ಮುದ್ರಣವಾಗುತ್ತಲೇ ಇದೆ, ಒಂದು ಭಾನುವಾರ ಹಿಡಿದು ಕೂತರೆ ಮುಗಿಯುತ್ತದೆ. ಮೂಡಿಗೆರೆಯಲ್ಲಿ ಜೇನು ಕೊಳ್ಳಲು ಹೋದ ಒಬ್ಬ ಬೇಸತ್ತ ಕೃಷಿಕ. ಹಳ್ಳಿಯವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ ಮಂದಣ್ಣ. ಆ ಮಂದಣ್ಣನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುವ ವಿಜ್ಞಾನಿ ಕರ್ವಾಲೊ. ಇವರಿಗೆ ಹಾವು ಹಿಡಿಯುವ ಯಂಗ್ಟ, ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ, ಕಿವಿ ಎಂಬ ನಾಯಿ ಜೊತೆಯಾಗುತ್ತಾರೆ. ಈ ದಂಡೆಲ್ಲ ಕಾಡಿಗೆ ಹೋಗುವುದು ಒಂದು ಹಾರುವ ಓತಿಯನ್ನು ಹುಡುಕಿಕೊಂಡು. ಮುಂದಿನದನ್ನು ಹೇಳಬಾರದು. ಕರ್ವಾಲೊ ಓದಿದವರಲ್ಲಿ ಕೊನೆಯನ್ನು ಹೇಳಿಬಿಡುವ ಚಟದವರು ಬಹಳ, ನಿಮ್ಮ ಮಗು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇದು ಈ ವಯಸ್ಸಿಗೆ ಹೊಂದುವುದಕ್ಕೆ ಕಾರಣ ಸಾಹಸವೊಂದೇ ಅಲ್ಲ. ಪರೀಕ್ಷೆಯಲ್ಲಿ ಅಂಕ ಬರದ, ಮನೆಯಲ್ಲಿ ಬೈಸಿಕೊಳ್ಳುವ, ಆದರೆ ಯಾವುದೋ ಒಂದು ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವ ಹುಡುಗರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರು ಮಂದಣ್ಣನನ್ನು ತಕ್ಷಣ ಗುರುತು ಹಿಡಿಯುತ್ತಾರೆ. ದೊಡ್ಡ ವಿಜ್ಞಾನಿಯೊಬ್ಬ ಅಂಥವನನ್ನು ಸರಿಸಮನಾಗಿ ಮಾತಾಡಿಸುವುದು ಆ ಮಕ್ಕಳಿಗೆ ಸಣ್ಣ ಸಂಗತಿಯಲ್ಲ. ಜೊತೆಗೆ ತಮಾಷೆ ಇದೆ, ಜೋರಾಗಿ ನಗಿಸುವ ತಮಾಷೆ. ಕನ್ನಡ ಪುಸ್ತಕ ನಗಿಸುತ್ತದೆ ಎಂಬ ಸುದ್ದಿಯೇ ಹಲವು ಮಕ್ಕಳಿಗೆ ಇನ್ನೂ ತಲುಪಿಲ್ಲ. ಪಠ್ಯಪುಸ್ತಕಗಳು ಆ ಗುಟ್ಟನ್ನು ಚೆನ್ನಾಗಿ ಕಾಪಾಡಿಕೊಂಡು ಬಂದಿವೆ.

ಕರ್ವಾಲೊ ಹಿಡಿಸಿದರೆ ಮುಂದೆ ಎರಡು ದಾರಿ. ನಾಯಿ, ಮೀನು, ಹಕ್ಕಿ, ಕಾಡು ಇಷ್ಟವಾದವರಿಗೆ ‘ಪರಿಸರದ ಕತೆ’. ಅದು ಕಾದಂಬರಿಯಲ್ಲ, ಆದರೆ ಕಿವಿ ಅಲ್ಲಿಯೂ ಇದ್ದಾನೆ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಮಾಲೆಯೂ ಅದೇ ದಾರಿಯಲ್ಲಿದೆ. ರಹಸ್ಯ, ಅಪರಾಧ, ಓಟ ಇಷ್ಟವಾದವರಿಗೆ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ–ಗೌರಿ ಎಂಬ ಎಳೆಯ ದಂಪತಿ ತಮಗೇ ತಿಳಿಯದಂತೆ ಒಂದು ಕಾಳದಂಧೆಯ ಸುಳಿಗೆ ಬೀಳುತ್ತಾರೆ, ಹಳೆಯ ಕಾವ್ಯವೊಂದರಲ್ಲಿ ಅಡಗಿದ ಗುಟ್ಟು ಬೇರೆ. ಎಲ್ಲವೂ ಒಂದು ಹಗಲು ಒಂದು ರಾತ್ರಿಯ ಸುತ್ತ. 1994ರಲ್ಲಿ ಬಂದ ಈ ಪುಸ್ತಕ ಇವತ್ತಿನ ವೆಬ್ ಸರಣಿ ನೋಡುವ ಮಕ್ಕಳಿಗೂ ನಿಧಾನ ಎನ್ನಿಸುವುದಿಲ್ಲ. ‘ಚಿದಂಬರ ರಹಸ್ಯ’ವನ್ನು ಮಾತ್ರ ಹದಿನಾರಕ್ಕೆ ಇಟ್ಟುಕೊಳ್ಳಿ. ಕೆಸರೂರಿನಲ್ಲಿ ಒಬ್ಬ ವಿಜ್ಞಾನಿಯ ಸಾವು, ಅದರ ಜಾಡು ಹಿಡಿದು ಬರುವ ಅಂಗಡಿ ಎಂಬಾತ, ರಫಿ–ಜಯಂತಿಯರ ಪ್ರೀತಿ ಇವೆಲ್ಲ ಪತ್ತೇದಾರಿಯಂತೆಯೇ ಓದಿಸಿಕೊಳ್ಳುತ್ತವೆ. ಆದರೆ ಒಂದು ಊರು ಜಾತಿ–ಮತದ ಹೊಗೆಯಲ್ಲಿ ಹೇಗೆ ಉಸಿರುಗಟ್ಟುತ್ತದೆ ಎಂಬುದು ತಿಳಿಯಲು ಸ್ವಲ್ಪ ಲೋಕ ಕಂಡಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಕಥೆಯಲ್ಲಿ ಮಗು ಇದ್ದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕವಾಗುವುದಿಲ್ಲ. ಆಲನಹಳ್ಳಿ ಕೃಷ್ಣರ ‘ಕಾಡು’ ನಡೆಯುವುದು ಕಿಟ್ಟಿ ಎಂಬ ಪುಟ್ಟ ಹುಡುಗನ ಕಣ್ಣೆದುರು. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲೂ ನೋಡುವವನು ಒಬ್ಬ ಎಳೆಯ ವಟು. ಎರಡರಲ್ಲೂ ಆ ಹುಡುಗ ಕಾಣುತ್ತಿರುವುದು ದೊಡ್ಡವರ ಕ್ರೌರ್ಯವನ್ನು, ಅವನಿಗೆ ಅರ್ಥವಾಗದ ಸಂಬಂಧಗಳನ್ನು. ಹದಿನೇಳರಲ್ಲಿ ಓದಿದರೆ ಎದೆ ಕಲಕುವ ಬರಹ. ಹನ್ನೆರಡರಲ್ಲಿ ಓದಿದರೆ ಕಿಟ್ಟಿಗಾದ ಗೊಂದಲವೇ ಓದುವವರಿಗೂ.

ಇದಕ್ಕೆ ತಿರುಗುಮುರುಗಾದದ್ದು ‘ಬೆಟ್ಟದ ಜೀವ’. 1943ರ ಈ ಕಾರಂತರ ಕಾದಂಬರಿಯ ನಾಯಕ ನಾಯಕಿಯರು ವಯಸ್ಸಾದ ಗೋಪಾಲಯ್ಯ ಮತ್ತು ಶಂಕರಮ್ಮ. ಆದರೂ ಹದಿನಾಲ್ಕರವರಿಗೆ ಕಾರಂತರ ಯಾವ ಪುಸ್ತಕ ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬ ಪ್ರಯಾಣಿಕ ದಾರಿ ತಪ್ಪುತ್ತಾನೆ, ಕತ್ತಲಾಗುತ್ತದೆ, ಸಿಕ್ಕ ಇಬ್ಬರು ಹಳ್ಳಿಗರು ಅವನನ್ನು ಒಂದು ಒಂಟಿ ಮನೆಗೆ ಕರೆದೊಯ್ಯುತ್ತಾರೆ. ಆಮೇಲಿನದು ಆ ಮನೆಯ ಬಿಸಿನೀರ ಸ್ನಾನ, ಊಟ, ಹರಟೆ, ಕಾಡು ಕಡಿದು ಮಾಡಿದ ಅಡಿಕೆ ತೋಟ, ಆನೆಯ ಕಾಟ, ಹುಲಿ ಹಿಡಿಯುವ ಗಲಾಟೆ. ಇವುಗಳ ಅಡಿಯಲ್ಲಿ ಮಾತ್ರ ಒಂದು ನೋವು ಮೆಲ್ಲಗೆ ಹರಿಯುತ್ತಿರುತ್ತದೆ: ಮನೆ ಬಿಟ್ಟು ಹೋದ ಮಗ ಶಂಭು ಬರುತ್ತಾನೆಯೇ? ಹಾಸ್ಟೆಲಿಗೆ ಹೋಗಲಿರುವ, ಊರು ಬಿಡಲಿರುವ ಮಕ್ಕಳು ಇದನ್ನು ಮಗನ ಕಡೆಯಿಂದ ಓದುತ್ತಾರೆ, ಅವರ ಅಪ್ಪ ಅಮ್ಮ ಗೋಪಾಲಯ್ಯನ ಕಡೆಯಿಂದ. ಒಂದೇ ಪ್ರತಿಯನ್ನು ಮನೆಮಂದಿಯೆಲ್ಲ ಓದಬಹುದಾದ ಪುಸ್ತಕ ಇದು. ರಜೆಯಲ್ಲಿ ಕುಕ್ಕೆಗೆ ಹೋಗುವ ಕುಟುಂಬಗಳಿಗಂತೂ ಹೇಳಿ ಮಾಡಿಸಿದ್ದು. ಕುಮಾರಪರ್ವತ ಕಣ್ಣೆದುರಿಗೇ ಇರುತ್ತದೆ.

ಕಾರಂತರದೇ ‘ಚೋಮನ ದುಡಿ’ 1933ರದು, ಇನ್ನೂ ಚಿಕ್ಕದು, ಇನ್ನೂ ಕಠಿಣ. ಒಂದು ತುಂಡು ಭೂಮಿಯನ್ನು ಉತ್ತು ಬೆಳೆಯಬೇಕು ಎಂಬ ಚೋಮನ ಆಸೆ ಯಾಕೆ ಕೈಗೂಡಲಿಲ್ಲ ಎಂದು ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ವಿವರಿಸಲಾರದು. ಆದರೆ ಈ ಕಾದಂಬರಿಯನ್ನು ಒಂಟಿಯಾಗಿ ಕೊಡಬೇಡಿ, ಪಕ್ಕದಲ್ಲೇ ದೇವನೂರ ಮಹಾದೇವರ ‘ಒಡಲಾಳ’ ಇಡಿ. ಚೋಮನನ್ನು ಕಾರಂತರು ಹೊರಗಿನಿಂದ ನೋಡಿ ಮರುಗಿದರು. ಸಾಕವ್ವನ ಮನೆಯನ್ನು ದೇವನೂರರು ಒಳಗಿನಿಂದಲೇ ಕಂಡವರು. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಊರೆಲ್ಲ ಹುಡುಕುತ್ತಾಳೆ, ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ಕಡಲೇಕಾಯಿ ತಿನ್ನುತ್ತಾರೆ, ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬಡತನದ ಕಥೆ ಎಂದರೆ ಅಳುವಿನ ಕಥೆ ಎಂದುಕೊಂಡಿರುವ ಮಕ್ಕಳಿಗೆ ಈ ಮನೆಯ ಜಗಳ, ನಗು, ಗತ್ತು ಹೊಸದು. ಭಾಷೆ ನಂಜನಗೂಡು ಸೀಮೆಯದು. ಬೇರೆ ಕಡೆಯ ಮಕ್ಕಳಿಗೆ ಮೊದಲ ಹತ್ತು ಪುಟ ತೊಡಕಾಗಬಹುದು, ಗಟ್ಟಿಯಾಗಿ ಓದಿದರೆ ಕಿವಿಗೆ ಹತ್ತುತ್ತದೆ.

ಭಾಷೆಯ ಸೀಮೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು. ನಮ್ಮ ಪಟ್ಟಿಗಳೆಲ್ಲ ಮಲೆನಾಡು–ಮೈಸೂರು ಕಡೆ ವಾಲಿವೆ. ಈ ಲೇಖನವೂ ಇಲ್ಲಿಯವರೆಗೆ ವಾಲಿದೆ. ಧಾರವಾಡ, ವಿಜಯಪುರ, ಬಾಗಲಕೋಟೆಯ ಮಕ್ಕಳಿಗೆ ತಮ್ಮ ಮನೆಯ ಮಾತು ಅಚ್ಚಾದದ್ದನ್ನು ನೋಡುವ ಸುಖ ಬೇಡವೇ? ಕಾಲೇಜು ಮೆಟ್ಟಿಲು ಹತ್ತಿದವರಿಗೆ ರಾವಬಹಾದ್ದೂರರ ‘ಗ್ರಾಮಾಯಣ’ ಇದೆ. 1957ರ ದೊಡ್ಡ ಕಾದಂಬರಿ, ಪಾದಳ್ಳಿ ಎಂಬ ಒಂದು ಊರೇ ಅದರ ಕಥಾನಾಯಕ. ಅದಕ್ಕಿಂತ ಸಣ್ಣದು ಬೇಕೆಂದರೆ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’. ಕಲಬುರಗಿ ಸೀಮೆಯವರು ಗೀತಾ ನಾಗಭೂಷಣರ ‘ಬದುಕು’ ನೋಡಬಹುದು, ಹದಿನೇಳು ದಾಟಿದ ಮೇಲೆ.

ಇನ್ನು ಹತ್ತರಿಂದ ಹದಿಮೂರರವರು. ಇವರಿಗೆಂದೇ ಬರೆದ ಕಾದಂಬರಿಗಳು ಕನ್ನಡದಲ್ಲಿ ಇವೆ, ಅಂಗಡಿಯ ಮುಂದಿನ ಸಾಲಿನಲ್ಲಿ ಮಾತ್ರ ಇರುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ ಬಂತು. ಮರುವರ್ಷ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಇತ್ತೀಚೆಗೆ 2020ರಿಂದ 2023ರವರೆಗೆ ಕನ್ನಡದಲ್ಲಿ ಅದು ಸತತವಾಗಿ ಕಾದಂಬರಿಗಳಿಗೇ ಸಂದಿದೆ: ಎಚ್.ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಪ್ರಶಸ್ತಿ ನೋಡಿ ಪುಸ್ತಕ ಆರಿಸಬೇಡಿ ಎಂದವನೇ ಪ್ರಶಸ್ತಿ ಪಟ್ಟಿ ಕೊಡುತ್ತಿದ್ದಾನಲ್ಲ ಎನ್ನಬೇಡಿ. ಈ ಪುಸ್ತಕಗಳು ಇವೆ ಎಂದು ಗೊತ್ತಾಗಲು ಸದ್ಯಕ್ಕೆ ಇದೇ ಸುಲಭದ ದಾರಿ. ನಾಲ್ಕರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮಗುವೇ ಪುಟ ತಿರುವಿ ನೋಡಲಿ.

ಡಿಸೋಜರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸಾಗರದಲ್ಲಿ ನೆಲೆಸಿದ್ದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಂತೆ ಊರುಗಳು ಖಾಲಿಯಾದದ್ದು ಅವರ ಬರವಣಿಗೆಯನ್ನು ಕೊನೆಯವರೆಗೂ ಬಿಡಲಿಲ್ಲ. ‘ಮುಳುಗಡೆಯ ಊರಿಗೆ ಬಂದವರು’ ಅದನ್ನು ಮಕ್ಕಳಿಗೆ ಹೇಳುತ್ತದೆ. ಎರಡು ಮೂರು ವರ್ಷ ಬಿಟ್ಟು ಅದೇ ಓದುಗರಿಗೆ ಅವರ ‘ದ್ವೀಪ’ ಕೊಡಿ. ಸುತ್ತ ನೀರು ಏರುತ್ತಿರುವಾಗ ತಮ್ಮ ನೆಲ ಬಿಡಲು ಒಪ್ಪದ ಒಂದು ಸಂಸಾರದ ಕಥೆ ಅದು, ಗಾತ್ರವೂ ಪುಟ್ಟದು. ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ ಕೂಡ ಇದೆ. ಮೊದಲು ಪುಸ್ತಕ, ಆಮೇಲೆ ಸಿನಿಮಾ. ಈ ಅನುಕ್ರಮ ತಪ್ಪಿದರೆ ಕಥಾನಾಯಕಿ ನಾಗಿಯ ಮುಖವನ್ನು ಓದುಗರು ತಾವೇ ಕಲ್ಪಿಸಿಕೊಳ್ಳಲು ಆಗುವುದೇ ಇಲ್ಲ. ಒಂದೇ ಲೇಖಕರ, ಒಂದೇ ವಸ್ತುವಿನ ಮೇಲೆ, ಹನ್ನೆರಡಕ್ಕೊಂದು ಹದಿನೈದಕ್ಕೊಂದು ಕಾದಂಬರಿ ಇರುವುದು ಅಪರೂಪ. ಇಂಥ ಜೋಡಿಯನ್ನು ಶಾಲೆಗಳು ಬಳಸಿಕೊಳ್ಳುವುದಿಲ್ಲವಲ್ಲ ಎಂಬುದು ನನ್ನ ಹಳೆಯ ಕೊರಗು.

ರಾಜಕೀಯ, ಹೋರಾಟ, ‘ಅನ್ಯಾಯವನ್ನು ಯಾಕೆ ಸಹಿಸಬೇಕು’ ಎಂಬ ಪ್ರಶ್ನೆ ಎದ್ದಿರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ನಿರಂಜನರ ‘ಚಿರಸ್ಮರಣೆ’ ತಂದಿಡಿ. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನ ರೈತರ ದಂಗೆ ಅದರ ವಸ್ತು. ಆ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಯ್ಯೂರಿಗೆ ಹತ್ತಿರದ ನೀಲೇಶ್ವರದಲ್ಲಿ ಓದಿದ್ದ ನಿರಂಜನರು 1955ರಲ್ಲಿ ಇದನ್ನು ಕಾದಂಬರಿಯಾಗಿಸಿದರು. ಜಾಣತನ ಎಲ್ಲಿದೆ ನೋಡಿ: ಕಥೆಯನ್ನು ಅವರು ಹಿಡಿದಿರುವುದು ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಶಾಲಾ ಹುಡುಗರಿಂದ, ಅವರನ್ನು ಯೋಚಿಸಲು ಹಚ್ಚುವ ಒಬ್ಬ ಮಾಸ್ತರರಿಂದ. ಗೆಳೆತನದ ಕಥೆಯಾಗಿ ತೊಡಗಿದ್ದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಅಲ್ಲಲ್ಲಿ ಪಕ್ಷದ ಪ್ರಚಾರದ ವಾಸನೆ ಬರುತ್ತದೆ, ನಿಜ. ಹದಿನೈದರ ಓದುಗರಿಗೂ ಅದು ತಿಳಿಯುತ್ತದೆ, ತಿಳಿದರೆ ಒಳ್ಳೆಯದೇ, ವಾದಕ್ಕೆ ಒಂದು ವಿಷಯವಾಯಿತು.

ಹುಡುಗಿಯರಿಗೆ ಬೇರೆ ಪಟ್ಟಿ, ಹುಡುಗರಿಗೆ ಬೇರೆ ಪಟ್ಟಿ ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ‘ಹೆಂಗಸರ ಕಾದಂಬರಿ’ ಎಂದು ಬದಿಗಿಟ್ಟ ಮನೆಗಳ ಹುಡುಗರು ಕಳೆದುಕೊಂಡದ್ದು ಬಹಳ. ‘ಫಣಿಯಮ್ಮ’ ಓದಿದ ಹುಡುಗ ತನ್ನ ಮನೆಯ ಹಳೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನ ಮೂಲೆಗೆ ನಿಂತ ಅಜ್ಜಿಯನ್ನು ಬೇರೆ ರೀತಿ ನೋಡುತ್ತಾನೆ. ಬಾಲ್ಯದಲ್ಲೇ ವಿಧವೆಯಾಗಿ, ಬದುಕಿಡೀ ಇನ್ನೊಬ್ಬರ ಮನೆಗೆಲಸ ಮಾಡಿಯೂ ತನ್ನ ವಿವೇಕ ಬಿಟ್ಟುಕೊಡದ ಹೆಂಗಸಿನ ಕಥೆ ಅದು. 1976ರ ಈ ಪುಸ್ತಕದ ಕನ್ನಡ ತೀರ್ಥಹಳ್ಳಿ ಕಡೆಯ ಮನೆಮಾತು, ಓಡುತ್ತದೆ. ಇಂದಿರಾ ಕಾದಂಬರಿ ಬರೆಯಲು ಕೂತದ್ದೇ ನಲವತ್ತೈದರ ಆಸುಪಾಸಿನಲ್ಲಿ. ಇದನ್ನು ಮಕ್ಕಳಿಗಿಂತ ಅವರ ಅಮ್ಮಂದಿರಿಗೆ ಹೇಳಬೇಕು. ತ್ರಿವೇಣಿಯವರ ‘ಶರಪಂಜರ’ ಹದಿನಾರಕ್ಕೆ ಸರಿ. ಮನಸ್ಸಿಗೂ ಕಾಯಿಲೆ ಬರುತ್ತದೆ, ವಾಸಿಯಾದ ಮೇಲೂ ಸುತ್ತಲಿನವರು ಅದನ್ನು ವಾಸಿಯಾಗಲು ಬಿಡುವುದಿಲ್ಲ ಎಂದು ಅಷ್ಟು ಹಿಂದೆಯೇ ಇಷ್ಟು ಸ್ಪಷ್ಟವಾಗಿ ಬರೆದವರು ಅವರು, ಮನಃಶಾಸ್ತ್ರ ಓದಿದ್ದವರು. ಈಗಿನ ಮಕ್ಕಳು ಆತಂಕ, ಖಿನ್ನತೆ ಎಂಬ ಮಾತುಗಳನ್ನು ನಮಗಿಂತ ಸಲೀಸಾಗಿ ಆಡುತ್ತಾರೆ, ಆದ್ದರಿಂದ ಕಥಾನಾಯಕಿ ಕಾವೇರಿಯ ಪಾಡು ಅವರಿಗೆ ನಮಗಿಂತ ಬೇಗ ಅರ್ಥವಾಗುತ್ತದೆ. ಭೈರಪ್ಪನವರಲ್ಲಿ ನಾನು ಮೊದಲು ಕೊಡುವುದು ‘ಗೃಹಭಂಗ’, ಅದೂ ಹದಿನಾರರ ಮೇಲೆ. ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಎಳೆಯುವ ನಂಜಮ್ಮ ಒಂದು ಸಲ ಮನಸ್ಸಿಗೆ ಇಳಿದರೆ ಹೋಗುವುದಿಲ್ಲ. ಪ್ಲೇಗಿನ ಅಧ್ಯಾಯಗಳು ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಮಾತಾಡಲು ಸಿಗುವಂತಿರಲಿ.

ಇತಿಹಾಸ ಇಷ್ಟಪಡುವವರಿಗೆ ಚಿತ್ರದುರ್ಗವಿದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಗಾತ್ರದಲ್ಲಿ ಹೆದರಿಸುತ್ತದೆ, ಒಂದು ವಾರದ ನಿಯಮವನ್ನು ಇದೊಂದಕ್ಕೆ ಸಡಿಲಿಸಬೇಕು. ಮದಕರಿ ನಾಯಕ ಹೈದರಾಲಿಗೆ 1779ರಲ್ಲಿ ಸೋತದ್ದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಕೊನೆಯ ನೂರು ಪುಟ ಕೈಬಿಡುವುದಿಲ್ಲ. ಅಷ್ಟು ದಪ್ಪದ್ದು ಬೇಡವೆಂದರೆ ‘ಕಂಬನಿಯ ಕುಯಿಲು’ವಿನಿಂದ ಶುರು ಮಾಡಿ ‘ರಕ್ತರಾತ್ರಿ’, ‘ತಿರುಗುಬಾಣ’ಕ್ಕೆ ಬರಬಹುದು; ಮೂರೂ ಒಂದಕ್ಕೊಂದು ಹೊಂದಿಕೊಂಡ ಅರಮನೆಯ ಪಿತೂರಿ, ಸೇಡುಗಳ ಕಥೆ. ಓದಿದ ಮೇಲೆ ಕೋಟೆ ತೋರಿಸಿ. ಹೊಸಬರಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರದು. ಲಿಸ್ಬನ್ನಿನಿಂದ ಗೋವೆಗೆ, ವಿಜಯನಗರಕ್ಕೆ, ಎರಡು ನದಿಗಳ ದಂಡೆಯ ಎರಡು ಪ್ರೇಮಕಥೆಗಳನ್ನು ಹಡಗಿನ ವೇಗದಲ್ಲಿ ಒಯ್ಯುತ್ತದೆ. ಹಿಂಸೆಯ ದೃಶ್ಯಗಳಿವೆ, ಮೊದಲು ನೀವು ಓದಿ ನೋಡಿ. ಪಿಯುಸಿ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಪತ್ತೇದಾರಿ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು ಓದಿದ ತಲೆಮಾರೇ ಮುಂದೆ ಕಾರಂತರನ್ನೂ ಕುವೆಂಪುವನ್ನೂ ಓದಿದ್ದು. ಕನ್ನಡ ಚಳವಳಿಗೆ ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಟಿ.ಕೆ. ರಾಮರಾವ್ ಬರೆದದ್ದರಲ್ಲಿ ಸಸ್ಪೆನ್ಸ್ ಬೇಕಾದಷ್ಟಿದೆ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಇಂಥವು ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ. ಪುಟ ತಿರುಗಿಸುವ ಅಭ್ಯಾಸ ಯಾವ ಪುಸ್ತಕದಿಂದ ಬಂದರೂ ಬಂದದ್ದೇ.

ತಡೆದು ಕೊಡಬೇಕಾದವು ಯಾವುವು? ‘ಸಂಸ್ಕಾರ’, ‘ಪರ್ವ’, ‘ಶಿಕಾರಿ’, ‘ಮೂಕಜ್ಜಿಯ ಕನಸುಗಳು’ ಈ ನಾಲ್ಕನ್ನು ನಾನು ಕಾಲೇಜಿಗೆ ಬಿಡುತ್ತೇನೆ. ಅವುಗಳಲ್ಲಿ ‘ಕೆಟ್ಟದ್ದು’ ಇದೆ ಎಂಬ ಭಯದಿಂದಲ್ಲ. ಪರ್ವದಲ್ಲಿ ಭೈರಪ್ಪ ಮಹಾಭಾರತದ ಪವಾಡಗಳನ್ನೆಲ್ಲ ಕಳಚಿ ಇಡುತ್ತಾರೆ. ಕಳಚುವ ಮುಂಚೆ ಅವು ಹೇಗಿದ್ದವು ಎಂಬುದು ಓದುಗರಿಗೆ ಗೊತ್ತಿರಬೇಕು, ಈಗಿನ ಹಲವು ಮಕ್ಕಳಿಗೆ ಟಿ.ವಿ.ಯ ಮಹಾಭಾರತವೂ ಸರಿಯಾಗಿ ಗೊತ್ತಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ದೊಡ್ಡ ಕಾಡೇ, ಆದರೆ ಅದನ್ನು ಒಂದು ಕಾಲುದಾರಿ ಹಿಡಿದು ಹೊಗಬಹುದು: ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ ಬರುವ ಅಧ್ಯಾಯಗಳನ್ನು ಮಾತ್ರ ಆರಿಸಿ ಓದಿ. ಇದು ಕಾದಂಬರಿಗೆ ಅಪಚಾರ ಎನ್ನುವ ಮೇಷ್ಟರುಗಳು ಸಿಗುತ್ತಾರೆ. ಆದರೆ ಅದೇ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ರಾತ್ರಿಯಿಡೀ ನಡೆಯುವ ನಾಟಕ ಮಾಡಿದಾಗ ಗುತ್ತಿಯ ದೃಶ್ಯಗಳಿಗೇ ಹುಡುಗರು ನಿದ್ದೆಗೆಟ್ಟು ಕೂತಿದ್ದರು.

ಕನ್ನಡ ಮಾತಾಡುವ, ಆದರೆ ಅಕ್ಷರ ಜೋಡಿಸಿ ಓದಲು ತಿಣುಕುವ ಮಕ್ಕಳ ಸಮಸ್ಯೆ ಬೇರೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲೂ ಇವರಿದ್ದಾರೆ, ದುಬೈ, ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲೂ ಇದ್ದಾರೆ. ಇವರ ಬುದ್ಧಿ ಹದಿನಾಲ್ಕರದು, ಓದುವ ವೇಗ ಎಂಟರದು. ಎಂಟರ ಪುಸ್ತಕ ಕೊಟ್ಟರೆ ಅವಮಾನ, ಹದಿನಾಲ್ಕರದು ಕೊಟ್ಟರೆ ಆಯಾಸ. ಇದಕ್ಕೆ ಗೊತ್ತಿರುವ ಮದ್ದು ಗಟ್ಟಿಯಾಗಿ ಓದಿ ಹೇಳುವುದೊಂದೇ. ರಾತ್ರಿ ಊಟದ ನಂತರ ನೀವು ಕರ್ವಾಲೊದ ಒಂದು ಅಧ್ಯಾಯ ಓದಿ, ಮಗು ಅದೇ ಪುಟದ ಮೇಲೆ ಕಣ್ಣಿಟ್ಟಿರಲಿ. ಕೊನೆಯ ಒಂದು ಪುಟವನ್ನು ಅವನು ಓದಲಿ, ತಪ್ಪಿದರೆ ತಿದ್ದಬೇಡಿ. ವಿದೇಶದಲ್ಲಿರುವವರಿಗೆ ಅಚ್ಚಿನ ಪ್ರತಿ ತರಿಸುವುದು ದುಬಾರಿಯಾದರೆ ಕನ್ನಡ ಇ–ಪುಸ್ತಕ, ಆಡಿಯೊ ಪುಸ್ತಕಗಳ ಆ್ಯಪ್‌ಗಳಿವೆ. ‘ಘಾಚರ್ ಘೋಚರ್’, ‘ತೇಜೋ ತುಂಗಭದ್ರಾ’ದಂಥವಕ್ಕೆ ಒಳ್ಳೆಯ ಇಂಗ್ಲಿಷ್ ಅನುವಾದವೂ ಇದೆ. ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದರೆ ತಪ್ಪೇನು? ಕಥೆ ಗೊತ್ತಿರುವಾಗ ಲಿಪಿಯ ಭಯ ಅರ್ಧ ಇಳಿದಿರುತ್ತದೆ.

ಓದಿದ ಮೇಲೆ ‘ಏನು ಅರ್ಥವಾಯಿತು’ ಎಂದು ಕೇಳುವ ಅಭ್ಯಾಸ ಬಿಡಬೇಕು. ‘ಮಂದಣ್ಣನಿಗೆ ಕೆಲಸ ಸಿಕ್ಕಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತು ನಡೆಯುತ್ತದೆ. ಮಧ್ಯದಲ್ಲಿ ಕೈಬಿಟ್ಟರೆ ಬೈಯಬೇಡಿ. ಹಾಗೆ ಬಿಟ್ಟದ್ದನ್ನು ಎತ್ತಿಟ್ಟು ಆರು ತಿಂಗಳ ನಂತರ ಸುಮ್ಮನೆ ಟೀಪಾಯಿಯ ಮೇಲೆ ಇಡಿ. ಸಾರಾಂಶ ಬರೆಸುವುದಂತೂ ಬೇಡವೇ ಬೇಡ.

ಪುಸ್ತಕ ಎಲ್ಲಿ ಸಿಗುತ್ತದೆ? ತೇಜಸ್ವಿಯವರದು, ಕಾರಂತರದು, ತ.ರಾ.ಸು. ಅವರದು ನವಕರ್ನಾಟಕ, ಸಪ್ನದಂಥ ಮಳಿಗೆಗಳಲ್ಲಿ ಸದಾ ಇರುತ್ತವೆ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಹಲವರು ರಿಯಾಯಿತಿ ಕೊಡುತ್ತಾರೆ, ವರ್ಷದ ಖರೀದಿಯನ್ನು ಆಗಲೇ ಮಾಡುವುದು ಜಾಣತನ. ಮಕ್ಕಳ ಕಾದಂಬರಿಗಳು ಸಣ್ಣ ಪ್ರಕಾಶಕರವು, ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಿ ಎಂದು ಹೆಸರು ಬರೆಸಿ ಬನ್ನಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ನಗರದವರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೂ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಹಣ ಹೇಗೂ ಕಟ್ಟಿದ್ದೀರಿ, ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗಿ ಕಾರ್ಡು ಮಾಡಿಸಿ. ಈ ಲೇಖನದಲ್ಲಿ ಬಂದ ಯಾವ ಹೆಸರೂ ಅಲ್ಲಿ ಸಿಗದಿದ್ದರೆ ಗ್ರಂಥಪಾಲಕರಿಗೆ ಒಂದು ಅರ್ಜಿ ಬರೆದು ಕೊಡಿ. ಅರ್ಜಿಯನ್ನು ಮಗುವಿನ ಕೈಯಲ್ಲೇ ಬರೆಸಿದರೆ ಬೇಗ ಕೆಲಸವಾಗುತ್ತದೆ.